ಹಣೆಬರಹವೂ ಸಾರುವೆಯೂ

ಕಟ್ಟಡದ ಕೆಲಸದಲ್ಲಿ ಒಬ್ಬ ಬಿದ್ದು ಸತ್ತರೆ ಅದಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಎರಡು ಉತ್ತರಗಳು ಒಟ್ಟಿಗೇ ಸಿಗುತ್ತವೆ. ಸಾರುವೆಗೆ ಕಟ್ಟಿದ ಹಗ್ಗ ಕೊಳೆತಿತ್ತು ಎನ್ನುವುದು ಒಂದು. ಅವನ ಹಣೆಯಲ್ಲಿ ಅಷ್ಟೇ ಬರೆದಿತ್ತು ಎನ್ನುವುದು ಇನ್ನೊಂದು. ಎರಡನ್ನೂ ಒಬ್ಬನೇ ಒಂದೇ ಉಸಿರಿಗೆ ಹೇಳುವುದುಂಟು. ಹೇಳುವವನಿಗೆ ಅದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಸುರಕ್ಷತೆಯ ಕಾನೂನು ನಿಂತಿರುವುದು ಮೊದಲ ಉತ್ತರದ ಮೇಲೆ. ಎರಡನೆಯದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬಹುದು, ಆದರೆ ತಳ್ಳಿದ ಮಾತ್ರಕ್ಕೆ ಅದು ಜನರ ಬಾಯಿಂದ ಹೋಗುವುದಿಲ್ಲ. ವಿಧಿಯನ್ನು ನಂಬುವವನು ಸೇಫ್ಟಿ ಬೆಲ್ಟನ್ನೂ ಯಾಕೆ ಕಟ್ಟಿಕೊಳ್ಳಬೇಕು, ಕಟ್ಟಿಸುವ ಹೊಣೆ ಯಾರದು ಎಂಬುದಕ್ಕೆ ನಂಬಿಕೆಯ ಒಳಗಿನಿಂದಲೇ ಉತ್ತರ ಬರಬೇಕು.

ಇಂಥ ಇಬ್ಬಗೆಯ ಉತ್ತರ ಈ ಸೀಮೆಗಷ್ಟೇ ಸೇರಿದ್ದಲ್ಲ. ಆಫ್ರಿಕಾದ ಅಜಾಂಡೆ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರ ತಮ್ಮ ಗ್ರಂಥದಲ್ಲಿ ಕಣಜ ಕುಸಿಯುವ ಪ್ರಸಂಗವನ್ನು ಚರ್ಚಿಸುತ್ತಾರೆ. ಕಂಬಗಳನ್ನು ಗೆದ್ದಲು ತಿಂದಿದ್ದರಿಂದ ಕಣಜ ಬಿತ್ತು ಎಂಬುದು ಆ ಜನಕ್ಕೆ ಚೆನ್ನಾಗಿ ಗೊತ್ತು. ಬಿಸಿಲು ತಾಳದೆ ಜನ ಅದರ ನೆರಳಿಗೆ ಬಂದು ಕೂರುತ್ತಾರೆ ಎಂಬುದೂ ಗೊತ್ತು. ಅವರು ಕೇಳುವುದು ಬೇರೆ: ಇವರೇ ಕೂತಿದ್ದಾಗ, ಆ ಗಳಿಗೆಯಲ್ಲೇ ಅದು ಯಾಕೆ ಬೀಳಬೇಕಿತ್ತು? ಅವರ ಪಾಲಿಗೆ ಅದಕ್ಕೆ ಉತ್ತರ ಮಾಟ. ಕನ್ನಡನಾಡಿನಲ್ಲಿ ಆ ಜಾಗದಲ್ಲಿ ಹಣೆಬರಹವಿದೆ, ಗ್ರಹಚಾರವಿದೆ, ಕಣ್ಣುದೃಷ್ಟಿಯಿದೆ. ಹೇಗೆ ಬಿತ್ತು ಎಂಬುದನ್ನು ಎಂಜಿನಿಯರ್ ವಿವರಿಸಬಲ್ಲ. ನನ್ನ ಗಂಡನೇ ಯಾಕೆ ಎಂಬುದಕ್ಕೆ ಅವನಲ್ಲಿ ಉತ್ತರವಿಲ್ಲ, ಮತ್ತು ಸಾವಿನ ಮನೆಯಲ್ಲಿ ಏಳುವುದು ಈ ಎರಡನೆಯ ಪ್ರಶ್ನೆಯೇ.

ಜನರಿಗೆ ನಿಯಮ ಪಾಲಿಸುವ ಅಭ್ಯಾಸವಿಲ್ಲ ಎಂಬ ದೂರು ಸಾಮಾನ್ಯ. ಅದು ನಿಜವಲ್ಲ. ಕೊಳ್ಳೇಗಾಲದ ಯಾವುದೇ ಹೊಸ ಬಡಾವಣೆಯಲ್ಲಿ ಏಳುತ್ತಿರುವ ಎರಡಂತಸ್ತಿನ ಮನೆಯನ್ನು ನೋಡಬಹುದು. ಗುದ್ದಲಿ ಪೂಜೆಗೆ ಗಳಿಗೆ ನೋಡುತ್ತಾರೆ. ಪಾಯಕ್ಕೆ ಮೊದಲ ಗುದ್ದಲಿ ಯಾವ ಮೂಲೆಗೆ ಬೀಳಬೇಕು ಎಂಬುದನ್ನು ಕೇಳಿಯೇ ಮುಂದುವರಿಯುತ್ತಾರೆ. ಬಾಗಿಲು ನಿಲ್ಲಿಸುವ ದಿನ ಅರಿಸಿನ ಕುಂಕುಮ, ಹೂವು ಯಾವುದೂ ತಪ್ಪುವುದಿಲ್ಲ. ಮೋಲ್ಡ್ ಹಾಕುವ ದಿನ ಮಿಕ್ಸರ್ ಯಂತ್ರಕ್ಕೂ ಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಸಂಜೆ ಕೆಲಸದವರಿಗೆ ಬಾಡೂಟ ಹಾಕುತ್ತಾರೆ. ಮೇಲೆ ಚಾಚಿ ನಿಂತ ಕಂಬಿಗೆ ದೃಷ್ಟಿಬೊಂಬೆ ತೂಗುತ್ತಿರುತ್ತದೆ. ಆ ಬೊಂಬೆಯ ಕೆಳಗೇ, ತಡೆಗಂಬಿಯಿಲ್ಲದ ಅಂಚಿನ ಉದ್ದಕ್ಕೂ ಹವಾಯಿ ಚಪ್ಪಲಿ ಮೆಟ್ಟಿದ ಹೆಂಗಸು ತಲೆಯ ಮೇಲೆ ಬಾಂಡ್ಲಿ ಹೊತ್ತು ನಡೆಯುತ್ತಾಳೆ. ಪೂಜೆಯ ಸಾಮಾನಿನಲ್ಲಿ ಒಂದು ಕಡಿಮೆಯಾದರೆ ಕೆಲಸ ನಿಲ್ಲುತ್ತದೆ. ಮೆಟ್ಟಿಲಿಗೆ ಕೈತಡೆ ಇಲ್ಲವೆಂದು ಕೆಲಸ ನಿಂತಿದ್ದು ಅಪರೂಪ. ಪೂಜೆಯೆಲ್ಲ ಮನೆಗೆ ಮತ್ತು ಮನೆಯವರಿಗೆ ಒಳಿತಾಗಲೆಂದು. ಬಾಂಡ್ಲಿ ಹೊತ್ತವಳು ಆ ಸಂಕಲ್ಪದೊಳಗೆ ಬರುವುದಿಲ್ಲ.

ಇದರ ಹಿಂದೆ ಇನ್ನೂ ಹಳೆಯದೊಂದು ನಂಬಿಕೆಯಿದೆ: ದೊಡ್ಡ ಕಟ್ಟೋಣ ಒಂದು ಜೀವ ಬೇಡುತ್ತದೆ ಎಂಬುದು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ, ಕಟ್ಟಿಸಿದ ಕೆರೆಗೆ ನೀರು ಬಾರದೆ ಹೋದಾಗ ಮನೆಯ ಸೊಸೆ ಭಾಗೀರಥಿ ಆಹುತಿಯಾಗುತ್ತಾಳೆ. ಹಿರಿಸೊಸೆಯನ್ನು ಉಳಿಸಿಕೊಂಡು ಕಿರಿಯವಳನ್ನು ಆರಿಸುವ ಆ ಮನೆಯ ಲೆಕ್ಕಾಚಾರವೇ ಗೀತೆಯ ಅತ್ಯಂತ ಕಠೋರವಾದ ಭಾಗ. ಯಾರ ಜೀವ ಅಗ್ಗವೋ ಅವರ ಪಾಳಿ ಮೊದಲು. ಇಂದು ಬೇಕೆಂದೇ ಬಲಿ ಕೊಡುವವರಿಲ್ಲ, ಆದರೆ ಆ ಲೆಕ್ಕ ಮಾತ್ರ ಉಳಿದುಕೊಂಡಿದೆ. 2022ರ ಮಾರ್ಚ್‌ನಲ್ಲಿ ಈ ಸೀಮೆಯಿರುವ ಜಿಲ್ಲೆಯದೇ ಆದ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಬಳಿ ಕಲ್ಲು ಕ್ವಾರಿ ಕುಸಿದಾಗ ಕಲ್ಲಿನಡಿ ಸಿಕ್ಕಿದವರು ಕೂಲಿಯವರು. ಕಟ್ಟಡಕ್ಕೆ ಬೇಕಾದ ಕಲ್ಲು, ಜಲ್ಲಿ ಸೈಟಿಗೆ ಬಂದು ಸೇರುವ ಮೊದಲೇ ಜೀವಗಳು ಹೋಗಿರುತ್ತವೆ.

ವಿಧಿಯ ವಿಚಾರದಲ್ಲಿ ಶಾಸ್ತ್ರಗಳು ಜನರ ಮಾತಿನಷ್ಟು ಸಡಿಲವಾಗಿಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮ ನಡೆಯುವುದಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಟೀಕಾಕಾರರು ಅಧಿಷ್ಠಾನವನ್ನು ದೇಹವೆಂದು, ಕರಣಗಳನ್ನು ಇಂದ್ರಿಯಗಳೆಂದು ಅರ್ಥ ಮಾಡುತ್ತಾರೆ. ಆದರೂ ಆ ಎಣಿಕೆಯನ್ನು ಕಟ್ಟಡದ ಜಾಗಕ್ಕೆ ತಂದು ನೋಡುವುದರಲ್ಲಿ ತಪ್ಪಿಲ್ಲ. ನಿಂತ ಜಾಗ ಗಟ್ಟಿಯಿತ್ತೆ? ಕೆಲಸ ಮಾಡುವವನಿಗೆ ಕಲಿಸಲಾಗಿತ್ತೆ, ಅವನು ದಣಿದಿದ್ದನೆ? ಸಾಧನ ಸರಿಯಿತ್ತೆ? ಕೆಲಸದ ಕ್ರಮ ಸರಿಯಿತ್ತೆ? ಈ ನಾಲ್ಕನ್ನು ಕೇಳಿ ಮುಗಿಸಿದ ಮೇಲೆ ಉಳಿಯುವುದು ದೈವ. ಗೀತೆ ಅದನ್ನು ಅಲ್ಲಗಳೆಯುವುದಿಲ್ಲ, ಆದರೆ ಐದನೆಯ ಜಾಗದಲ್ಲಿ ಇಡುತ್ತದೆ. ಸೆಂಟ್ರಿಂಗ್‌ಗೆ ಕೊಟ್ಟ ಆಸರೆಯ ಗಳ ಸೊಟ್ಟಗಿದ್ದದ್ದನ್ನು ನೋಡದೆ ನೇರವಾಗಿ ಐದನೆಯದಕ್ಕೆ ಹಾರುವವನು ದೈವಭಕ್ತನಲ್ಲ, ಶಾಸ್ತ್ರವನ್ನು ತಲೆಕೆಳಗಾಗಿ ಓದಿದವನು.

ಅದೇ ಅಧ್ಯಾಯ ಮುಂದುವರಿದು, ಐದು ಕಾರಣಗಳಿರುವಾಗ ಒಬ್ಬನನ್ನೇ ಕರ್ತೃವೆಂದು ಕಾಣುವವನ ನೋಟ ಸರಿಯಲ್ಲ ಎನ್ನುತ್ತದೆ. ಅಲ್ಲಿಯ ಮಾತು ಆತ್ಮವನ್ನು ಕುರಿತದ್ದು ನಿಜ. ಅಪಘಾತದ ಮರುದಿನ ಮೇಸ್ತ್ರಿಯಿಂದ ಮಾಲೀಕನವರೆಗೆ ಎಲ್ಲರೂ ಹೇಳುವ ‘ಅವನದೇ ತಪ್ಪು, ಹೇಳಿದರೂ ಕೇಳಲಿಲ್ಲ’ ಎಂಬ ವಾದಕ್ಕೂ ಅದು ಒಪ್ಪುವ ಉತ್ತರ.

ರಕ್ಷಣೆಯ ಸಾಧನ ತೊಟ್ಟರೆ ದೇವರ ಮೇಲಿನ ಭರವಸೆ ಕಡಿಮೆಯಾಯಿತೆ? ಮಂಟೇಸ್ವಾಮಿ ಎಂಬ ಜನಪದ ಕಾವ್ಯದಲ್ಲಿ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರ ಬಳಿಗೆ ಹೋಗಿ, ಅವರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗುರುವಿನ ಹೆಸರಿನ ಬಲದಿಂದ ಗೆದ್ದು ಬರುತ್ತಾನೆ. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಹೋಗುವ ಕಂಬಿ ಕೆಲಸದವನಿಗೆ ಈ ಕಥೆ ಚಿಕ್ಕಂದಿನಿಂದ ಗೊತ್ತು; ನನ್ನನ್ನೂ ಅಪ್ಪಾಜಿ ಕಾಯುತ್ತಾನೆ ಎಂದು ಅವನು ನಂಬಿದರೆ ಅಚ್ಚರಿಯಿಲ್ಲ. ಆದರೆ ಕಾವ್ಯದಲ್ಲಿ ಅಪಾಯವನ್ನು ಒಡ್ಡಿದವರು ಸೋಲುತ್ತಾರೆ, ಅವರನ್ನು ಯಾರೂ ಹೊಗಳುವುದಿಲ್ಲ. ಪವಾಡವನ್ನು ನೆಚ್ಚಿ ಇನ್ನೊಬ್ಬನನ್ನು ಅಪಾಯಕ್ಕೆ ಕಳಿಸುವ ಗುತ್ತಿಗೆದಾರ ಈ ಕಥೆಯಲ್ಲಿ ಸಿದ್ದಪ್ಪಾಜಿಯ ಕಡೆಯವನಲ್ಲ, ಹಲಗೂರಿನ ಕಡೆಯವನು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸಂಪ್ರದಾಯ ಇನ್ನೂ ನೇರವಾಗಿದೆ. ಬೂದಿತಿಟ್ಟಿನ ಚರ್ಮಕಾರ ಮನೆತನದವರು ರಂಗನಾಥನಿಗೆ ದೊಡ್ಡ ಅಳತೆಯ ತೊಗಲಿನ ಪಾದರಕ್ಷೆ ಹೊಲಿದು ಒಪ್ಪಿಸುತ್ತಾರೆ. ಕಾಡಿನಲ್ಲಿ ಸುತ್ತುವ ದೇವರ ಕಾಲಿಗೆ ಅದು ಬೇಕು, ಸವೆದರೆ ಹೊಸದು ಬೇಕು ಎಂಬುದು ನಂಬಿಕೆ. ದೇವರಿಗೇ ಮೆಟ್ಟು ಬೇಕಾದ ಬೆಟ್ಟದ ಬುಡದಲ್ಲಿ ಕಂಬಿ ತುಂಡುಗಳ ನಡುವೆ ಬರಿಗಾಲಲ್ಲಿ ಓಡಾಡುವುದನ್ನು ಭಕ್ತಿ ಎನ್ನಲಾಗದು. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕ್ರೈಸ್ತರು ಓದುವ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಂತೂ ಕಟ್ಟಡದ ನಿಯಮವೇ ಇದೆ: ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕೈಪಿಡಿ ಗೋಡೆ ಹಾಕಿಸಬೇಕು, ಹಾಕಿಸದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಗೆ ತಟ್ಟುತ್ತದೆ. ಬಿದ್ದವನ ಎಚ್ಚರಗೇಡಿತನದ ಪ್ರಸ್ತಾಪವನ್ನೇ ಅದು ಎತ್ತುವುದಿಲ್ಲ.

ಭಾರತದ ಕಾನೂನು ಬೇರೆ ದಾರಿಯಿಂದ ಹತ್ತಿರಹತ್ತಿರ ಅಲ್ಲಿಗೇ ಬಂದಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪ್ರಕಾರ ಕುಡಿದಿದ್ದವನಿಗೆ, ಬೇಕೆಂದೇ ಆಜ್ಞೆ ಮೀರಿದವನಿಗೆ, ರಕ್ಷಣೆಯ ಸಾಧನ ಕಿತ್ತುಹಾಕಿದವನಿಗೆ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕಿರಲಿಲ್ಲ. ಆದರೆ ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಸಂಭವಿಸಿದರೆ ಈ ವಿನಾಯಿತಿ ಇರಲಿಲ್ಲ. ಮೋಲ್ಡ್ ಹಾಕಿದ ಸಂಜೆ ಕುಡಿದು ಬಿದ್ದು ಸತ್ತವನ ಮನೆಯವರಿಗೂ, ಕೆಲಸದ ನಡುವೆ ಆದದ್ದಾದರೆ, ಪರಿಹಾರ ಸಲ್ಲಬೇಕಿತ್ತು. ಸತ್ತವನ ತಪ್ಪನ್ನು ತೂಗುವ ತಕ್ಕಡಿಯನ್ನು ಕಾನೂನು ಅಲ್ಲಿಗೆ ಕೆಳಗಿಟ್ಟಿತ್ತು. ದಂಡನೆಯ ಭಾಗ ಮಾತ್ರ ಬಹುಕಾಲ ದುರ್ಬಲವಾಗಿತ್ತು: 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಸುರಕ್ಷತೆಯ ನಿಯಮ ಮುರಿದವನಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ 2,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ, ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗಿನ ಸೆರೆ ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ.

ಈ ಬಿಗಿ ಎಲ್ಲ ಕಡೆಗೂ ತಲುಪುವುದಿಲ್ಲ. ಹತ್ತಕ್ಕಿಂತ ಕಡಿಮೆ ಜನರ ಕೆಲಸ ಕಟ್ಟಡ ಕಾಮಗಾರಿಯ ಈ ನಿಯಮಗಳ ಹೊರಗೆ. ಸ್ವಂತ ವಾಸದ ಮನೆಗೆ 1996ರ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ಇದ್ದ ವಿನಾಯಿತಿಯನ್ನು ಹೊಸ ಸಂಹಿತೆ 50 ಲಕ್ಷಕ್ಕೆ ಏರಿಸಿದೆ. ಮಲೆ ಮಹದೇಶ್ವರ ಬೆಟ್ಟದ 108 ಅಡಿಯ ಪ್ರತಿಮೆಯಂಥ ದೊಡ್ಡ ಕಾಮಗಾರಿಗೆ ನಿಯಮವಿದೆ. ಹನೂರಿನ ಬೀದಿಯಲ್ಲಿ ಒಬ್ಬ ಮೇಸ್ತ್ರಿ ಐದಾರು ಜನರನ್ನು ಕಟ್ಟಿಕೊಂಡು ಏಳಿಸುವ ಮನೆಗೆ ಇಲ್ಲ. ಈ ಸೀಮೆಯ ಬಹುಪಾಲು ಗಾರೆ ಕೆಲಸ ನಡೆಯುವುದು ಇಂಥ ಮನೆಗಳಲ್ಲೇ. ಅಲ್ಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಅಲ್ಲಿ ಉಳಿಯುವುದು ಕಟ್ಟಿಸುವವನ ಧರ್ಮಬುದ್ಧಿ ಒಂದೇ, ಹಾಗಾಗಿಯೇ ಈ ಚರ್ಚೆಯನ್ನು ಇಲಾಖೆಗೆ ಬಿಟ್ಟು ಸುಮ್ಮನಾಗುವಂತಿಲ್ಲ.

ಹಾಗಾದರೆ ಹಣೆಬರಹ ಎಂಬ ಮಾತಿಗೆ ಜಾಗವೇ ಇಲ್ಲವೆ? ಇದೆ, ಆದರೆ ಅದನ್ನು ಆಡುವವರು ಯಾರು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಮಗನನ್ನು ಕಳೆದುಕೊಂಡ ತಾಯಿ ಹಾಗೆಂದರೆ ಅದು ಬದುಕನ್ನು ಮುಂದೆ ನಡೆಸುವ ಆಸರೆ. ಅದನ್ನು ತಿದ್ದುವ ಹಕ್ಕು ಯಾವ ವಿಚಾರವಾದಿಗೂ ಇಲ್ಲ. ಅದೇ ಮಾತನ್ನು ಬೆಲ್ಟು ಕೊಡದ ಗುತ್ತಿಗೆದಾರ ಆಡಿದರೆ ಅದು ನುಣುಚಿಕೊಳ್ಳುವ ದಾರಿ. ತನ್ನ ಕೈಯಲ್ಲಿದ್ದ ನಾಲ್ಕನ್ನು ಮಾಡದವನು ಐದನೆಯದರ ಹೆಸರು ಹೇಳಲು ಅರ್ಹನಲ್ಲ. ಕಷ್ಟವೆಂದರೆ, ಸಾವಿನ ಮನೆಗೆ ಮೊದಲು ಬಂದು ಕೂತು ‘ವಿಧಿ’ ಎನ್ನುವವನೂ, ಮಣ್ಣಿನ ಖರ್ಚಿಗೆಂದು ಒಂದಿಷ್ಟು ಹಣ ಕೈಗಿಡುವವನೂ ಎಷ್ಟೋ ಸಲ ಅವನೇ ಆಗಿರುತ್ತಾನೆ. ತಾಯಿಯ ಸಮಾಧಾನ ಅವನ ಖುಲಾಸೆಯಾಗಿ ಬದಲಾಗುವುದು ಆ ಜಗಲಿಯ ಮೇಲೆ. ಪರಿಹಾರದ ಅರ್ಜಿ ಸಲ್ಲಿಸಲು 1923ರ ಕಾಯ್ದೆ ಕೊಟ್ಟಿದ್ದ ಅವಧಿ ಸಾವಿನ ದಿನದಿಂದ ಎರಡು ವರ್ಷ. ವರ್ಷದ ಎಡೆ ಮುಗಿಯುವ ಹೊತ್ತಿಗೆ ಅದರಲ್ಲಿ ಅರ್ಧ ಕಳೆದಿರುತ್ತಿತ್ತು.