ಪ್ರಸಾದಪುಷ್ಪವೂ ಪುರುಷಪ್ರಯತ್ನವೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಮದುವೆ, ಮೊಕದ್ದಮೆ, ತೋಟದ ಕ್ರಯ ಮೊದಲಾದ ಕಾರ್ಯಗಳಿಗೆ ಮುನ್ನ ದೇವರಲ್ಲಿ ಪ್ರಸಾದ ಕೇಳುವ ಪದ್ಧತಿಯುಂಟು. ಬಲದ ಹೂ ಬಿದ್ದರೆ ಅನುಜ್ಞೆ; ಎಡದ್ದು ಬಿದ್ದರೆ ನಿಷೇಧ. ಇದಕ್ಕೆ ಹೆಸರಾದ ಸ್ಥಳಗಳಲ್ಲಿ ಹೊಸನಗರ ತಾಲ್ಲೂಕಿನ ಹುಂಚವೂ ಒಂದು. ಅಲ್ಲಿಯ ಪದ್ಮಾವತೀದೇವಿಯ ಬಲಗಡೆಯಿಂದ ಹೂ ಬಿದ್ದಿತೆಂದರೆ ಕೋರಿಕೆಯು ಫಲಿಸುವುದೆಂದು ಜೈನರೂ ಇತರರೂ ನಂಬಿ ಬರುತ್ತಾರೆ.

ವಿಚಾರಕ್ಕೆ ಎಡೆಗೊಡುವ ಸಂಗತಿಯು ಇಲ್ಲಿಯೇ ಇದೆ. ಜಿನಸಿದ್ಧಾಂತದಲ್ಲಿ ವಿಧಿಯೆಂಬ ಬೇರೊಬ್ಬ ಒಡೆಯನಿಲ್ಲ. ಜೀವನು ಮನೋವಾಕ್ಕಾಯಗಳಿಂದ ತಾನೇ ಕಟ್ಟಿಕೊಂಡ ಕರ್ಮವು ಉದಯಕ್ಕೆ ಬಂದು ಸುಖದುಃಖಗಳಾಗುತ್ತದೆ. ವೀತರಾಗನಾದ ತೀರ್ಥಂಕರನು ವರವನ್ನೂ ಕೊಡನು, ಶಾಪವನ್ನೂ ಕೊಡನು. ಪದ್ಮಾವತಿಯಾದರೋ ಪಾರ್ಶ್ವನಾಥನ ಶಾಸನದೇವತೆಯಾದ ಯಕ್ಷಿ. ಸಂಸಾರದೊಳಗಿನ ಜೀವವೇ ಹೊರತು ಮುಕ್ತಳಲ್ಲ. ತಾನೇ ಕರ್ಮಾಧೀನಳಾದವಳು ಪರರ ಕರ್ಮವನ್ನು ಅಳಿಸುವುದೆಂತು? ವೈದಿಕರಲ್ಲಿಯೂ ಈ ತೊಡಕು ಇಲ್ಲದಿಲ್ಲ. ದೈವವೆಂಬುದು ಹಿಂದಿನ ಪೌರುಷವಲ್ಲದೆ ಬೇರೇನೂ ಅಲ್ಲವೆಂದು ಯೋಗವಾಸಿಷ್ಠದ ಮುಮುಕ್ಷುಪ್ರಕರಣವು ಬಹುವಾಗಿ ವಾದಿಸಿದೆ. ಅದನ್ನು ಕೇಳಿ ತಲೆದೂಗಿದವರೇ ಮರುದಿನ ಹೂ ಕೇಳಲು ಹೊರಡುವುದುಂಟು! ಹುಂಚದ ಐತಿಹ್ಯವನ್ನೇ ನೋಡಿದರೆ, ಜಿನದತ್ತರಾಯನು ದೇವಿಯ ವಿಗ್ರಹವನ್ನು ಹೊತ್ತು ಉತ್ತರದ ಮಧುರೆಯಿಂದ ದಕ್ಷಿಣಕ್ಕೆ ಓಡಿಬಂದು ಲಕ್ಕಿಯ ಮರದಡಿಯಲ್ಲಿ ತಂಗಿದನು. ಓಟವು ಮೊದಲು, ಅನುಗ್ರಹವು ಆಮೇಲೆ.

ಆದರೂ ಹೂ ಕೇಳುವುದನ್ನು ಮೌಢ್ಯವೆಂದು ನಕ್ಕುಬಿಡುವುದು ನ್ಯಾಯವಲ್ಲ. ಒಬ್ಬರ ಪುಣ್ಯವು ಮತ್ತೊಬ್ಬರಿಗೆ ಸಲ್ಲದೆಂಬ ಸಿದ್ಧಾಂತವಿದ್ದೂ ಚಟ್ಟಲದೇವಿಯು ಅಗಲಿದ ತಂದೆತಾಯಿಗಳ ಮತ್ತು ಒಡಹುಟ್ಟಿದವರ ನೆನಪಿಗಾಗಿ 1077ರಲ್ಲಿ ಅದೇ ಹುಂಚದಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಶೋಕವು ಲೆಕ್ಕವನ್ನು ನೋಡುವುದಿಲ್ಲ, ಭಯವೂ ಹಾಗೆಯೇ. ಮೇಲಾಗಿ, ಬೀಳದೆ ನಿಂತ ಹೂವಿನೆದುರು ಕಾದು ಕುಳಿತವನಿಗೆ, ಯಾವ ಹೂ ಬೀಳಲೆಂದು ತಾನು ಒಳಗೊಳಗೆ ಹಾರೈಸುತ್ತಿರುವೆನೆಂಬುದಾದರೂ ತಿಳಿಯುತ್ತದೆ. ಅಷ್ಟರಮಟ್ಟಿಗೆ ಪುಷ್ಪವು ಗುರುವೇ ಸರಿ.

ದೋಷವು ಹುಟ್ಟುವುದು ಕೇಳುವವನೊಬ್ಬ, ಅನುಭವಿಸುವವಳು ಮತ್ತೊಬ್ಬಳು ಆದಾಗ. ಮಗಳನ್ನು ಇಂಥ ಮನೆಗೆ ಕೊಡಬಹುದೇ ಎಂದು ತಂದೆಯು ದೇವಿಯನ್ನು ಕೇಳುತ್ತಾನೆ. ಪಕ್ಕದಲ್ಲಿಯೇ ಕೈಮುಗಿದು ನಿಂತ ಮಗಳನ್ನು ಕೇಳುವುದಿಲ್ಲ. ಅವಳ ಬಾಳು ಕೆಟ್ಟರೆ ದೇವಿಯ ಅಪ್ಪಣೆಯಾಗಿತ್ತೆಂದು ಸಮಾಧಾನ ಹೇಳುತ್ತಾನೆ. ಕರ್ಮಸಿದ್ಧಾಂತವನ್ನು ಒಪ್ಪಿದವನಿಗೆ ಈ ಉತ್ತರವು ಸಲ್ಲದು. ಕೊಟ್ಟ ಕ್ರಿಯೆಯು ಕೊಟ್ಟವನದು. ಅದರ ಬಂಧವನ್ನು ಹೂವಿನ ಮೇಲೆ ಹೊರಿಸಲಾಗದು.

ಅರ್ಚಕನೂ ಇಲ್ಲಿ ಬರಿಯ ಸಾಕ್ಷಿಯಲ್ಲ. ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಡುವೆ ಜಾರಿದ ಹೂವಿಗೆ, ಕೇಳುವವನ ಮುಖವನ್ನು ನೋಡಿ ಅರ್ಥ ಹೇಳಿದರೆ ಆ ಮಾತು ದೇವಿಯದಲ್ಲ, ಅವನದೇ. ಹೂವನ್ನು ಏರಿಸುವ ಮುನ್ನ, ಹುಡುಗಿಯ ಮನಸ್ಸೇನೆಂದು ಅವನು ಒಮ್ಮೆ ವಿಚಾರಿಸಿದರೆ ದೇವಿಯ ಮಹಿಮೆಗೆ ಕುಂದೇನೂ ಬಾರದು. ಅವಳು ಒಲ್ಲೆನೆಂದರೆ ಆ ದಿನ ಹೂವನ್ನು ಏರಿಸುವ ಕಾರಣವೇ ಉಳಿಯದು.