ಏರುಗಾಳಿಯ ಋಣ

ಅನ್ಯರು ಕಂಡುಹಿಡಿದ ಮಾರ್ಗದಲ್ಲಿ ನಡೆದು, ಕೊನೆಗೆ ಅವರನ್ನೇ ಹಿಂದಿಕ್ಕಿ ಗೆದ್ದವನ ಗೆಲುವು ನ್ಯಾಯವಾದುದೆ? ವ್ಯಾಪಾರದಲ್ಲಿಯೂ ವಿದ್ಯೆಯಲ್ಲಿಯೂ ಈ ಪ್ರಶ್ನೆಯು ದಿನವೂ ಏಳುವುದುಂಟು. ಆದರೆ ಅಲ್ಲಿ ಯಾರು ಯಾರಿಂದ ಏನನ್ನು ಪಡೆದರೆಂಬುದು ಮರೆಯಲ್ಲಿರುವುದರಿಂದ ಉತ್ತರವೂ ಮಸುಕಾಗಿಯೇ ಉಳಿಯುವುದು. ಪಡೆದುದು ಎಲ್ಲರ ಕಣ್ಣಿಗೂ ಕಾಣುವಂತಹ ಕ್ಷೇತ್ರವೊಂದಿದೆ. ಅದು ಗ್ಲೈಡರ್ ಎಂಬ ಯಂತ್ರರಹಿತ ವಿಮಾನಗಳ ಸ್ಪರ್ಧೆ.

ಇದನ್ನು ತಿಳಿಯಬಯಸುವವರು ಬೇಸಗೆಯ ಮಧ್ಯಾಹ್ನದಲ್ಲಿ ಮಾರಿಕಣಿವೆಯ ಆಕಾಶವನ್ನು ನೋಡಿದರೆ ಸಾಕು. ಬಿಸಿಲಿಗೆ ಕಾದ ಗುಡ್ಡಗಳ ಮತ್ತು ಒಣಹೊಲಗಳ ಮೇಲಿನ ಗಾಳಿಯು ಹಗುರವಾಗಿ ಮೇಲಕ್ಕೇರುವುದು. ಆ ಏರುಗಾಳಿಯನ್ನು ಹೊಕ್ಕ ಹದ್ದು ರೆಕ್ಕೆಯನ್ನು ಬಡಿಯದೆಯೇ ಸುತ್ತುತ್ತ ಸುತ್ತುತ್ತ ಎತ್ತರಕ್ಕೆ ಹೋಗುವುದು. ಜಲಾಶಯದ ವಿಸ್ತಾರವಾದ ನೀರಿನ ಮೇಲಾದರೋ ಹಗಲಿನ ಗಾಳಿಯು ತಂಪಾಗಿರುವುದರಿಂದ ಅಂತಹ ಆಸರೆಯು ವಿರಳ. ಒಂದು ಹದ್ದು ಸುತ್ತುತ್ತಿರುವುದನ್ನು ದೂರದಿಂದ ಕಂಡು ಮತ್ತೊಂದು ಬರುವುದು. ಅದರ ಹಿಂದೆ ಇನ್ನೊಂದು. ಮೊದಲನೆಯದು ಕರೆಯಲಿಲ್ಲ, ಅದರ ಸುತ್ತುವಿಕೆಯೇ ಕರೆಯಾಯಿತು.

ಗ್ಲೈಡರಿನ ಹಾರಾಟವೂ ಹೀಗೆಯೇ. ಬೇರೊಂದು ವಿಮಾನವಾಗಲಿ ನೆಲದ ಮೇಲಿನ ರಾಟೆಯಂತ್ರವಾಗಲಿ ಅದನ್ನು ಎಳೆದು ಮೇಲಕ್ಕೊಯ್ದು ಬಿಡುವುದು. ಅನಂತರ ಅದಕ್ಕೆ ಏರುಗಾಳಿಯಲ್ಲದೆ ಬೇರೆ ಗತಿಯಿಲ್ಲ. ಈ ವಾಹನವು ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯವರು 1941ರಲ್ಲಿಯೇ ವಿ. ಎಂ. ಘಾಟಗೆಯವರು ರೂಪಿಸಿದ ಗ್ಲೈಡರೊಂದನ್ನು ಕಟ್ಟಿ ಹಾರಿಸಿದರು. ಸ್ಪರ್ಧೆಗಳಾದರೋ ಅದಕ್ಕೂ ಹಿಂದಿನವು. ಜರ್ಮನಿಯ ರೋನ್ ಪರ್ವತಪ್ರದೇಶದ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ 1920ರಲ್ಲಿ ಅವು ಆರಂಭವಾದವು. ಈಗಿನ ಸ್ಪರ್ಧೆಗಳಲ್ಲಿ ಪ್ರತಿದಿನವೂ ಒಂದು ಸುತ್ತುದಾರಿಯನ್ನು ನಿಗದಿ ಮಾಡುವರು. ಅದನ್ನು ಬೇಗನೆ ಮುಗಿಸಿ ಬಂದವನು ಮುಂದು. ನಡುವೆ ಗಾಳಿಯ ಆಸರೆ ತಪ್ಪಿದವನು ಯಾವುದಾದರೊಂದು ಹೊಲದಲ್ಲಿ ಇಳಿಯಬೇಕು.

ರಾಷ್ಟ್ರೀಯ ಸ್ಪರ್ಧೆಗೆ ಮುನ್ನ ಅಭ್ಯಾಸಕ್ಕೆಂದು ಒಂದೆಡೆ ಕೂಡುವ ವೈಮಾನಿಕರ ನಡುವೆ ಗುಟ್ಟು ಕಡಿಮೆ. ಯಾವ ಇಳಿಜಾರು ಯಾವ ಹೊತ್ತಿಗೆ ಕಾಯುವುದು, ಯಾವ ಮೋಡದ ಕೆಳಗೆ ಗಾಳಿಯು ಏರುವುದು, ಎಲ್ಲಿ ಸುಖವಾಗಿ ಇಳಿಯಬಹುದು ಎಂಬುದನ್ನು ಅನುಭವಿಗಳು ಹೊಸಬರಿಗೆ ಹೇಳಿಕೊಡುವರು. ಸ್ಪರ್ಧೆಯ ದಿನ ಅವರೇ ಪರಸ್ಪರ ಎದುರಾಳಿಗಳು. ಆದರೆ ಗಾಳಿಗೆ ಈ ಭೇದವು ತಿಳಿಯದು. ಏರುಗಾಳಿಯನ್ನು ಕಂಡವನು ಅದರಲ್ಲಿ ಸುತ್ತಲೇಬೇಕು. ಸುತ್ತಿದೊಡನೆ ಅವನ ಲಾಭವು ಎಲ್ಲರಿಗೂ ಬಯಲಾಗುವುದು. ಬಚ್ಚಿಡಬೇಕೆಂದರೂ ಬಚ್ಚಿಡಲಾಗದ ಸಂಪತ್ತು ಅದು. ಡಿಕ್ಕಿಯಾಗದಂತೆ ಕಾಪಾಡಲು ಒಂದು ನಿಯಮವುಂಟು: ಮೊದಲು ಬಂದವನು ಯಾವ ಕಡೆಗೆ ಸುತ್ತುತ್ತಿರುವನೋ ಅನಂತರ ಬಂದವರೆಲ್ಲರೂ ಅದೇ ಕಡೆಗೆ ಸುತ್ತಬೇಕು. ದಾರಿ ಕಂಡವನಿಗೆ ನಿಯಮವು ಸಲ್ಲಿಸುವ ಮರ್ಯಾದೆ ಇಷ್ಟೇ.

ಇಲ್ಲಿಯೇ ಧರ್ಮಸೂಕ್ಷ್ಮವು ತಲೆದೋರುವುದು. ಕುಶಲನೊಬ್ಬನನ್ನು ಆರಿಸಿಕೊಂಡು ದಿನವೆಲ್ಲ ಅವನ ಬೆನ್ನಿಗೆ ಹಾರಿ, ಕೊನೆಯ ಕೆಲವು ಮೈಲಿಗಳಲ್ಲಿ ಅವನನ್ನು ಮೀರುವವರೂ ಇದ್ದಾರೆ. ನಿಯಮವು ಇದನ್ನು ತಡೆಯದು. ಗಾಳಿಯು ಯಾರ ಸ್ವತ್ತು ಎಂದು ಇವರು ಕೇಳುವರು. ಕಂಡವನೂ ಹದ್ದನ್ನು ನೋಡಿಯೋ ಮೋಡವನ್ನು ನೋಡಿಯೋ ಕಂಡವನಲ್ಲವೆ? ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಅರ್ಧಸತ್ಯ. ಮುಂದೆ ಹೋದವನು ತನ್ನ ಎತ್ತರವನ್ನೇ ಪಣವಾಗಿಟ್ಟು ಹುಡುಕಿದನು. ಊಹೆಯು ತಪ್ಪಿದ್ದರೆ ಹೊಲದಲ್ಲಿ ಇಳಿಯುತ್ತಿದ್ದವನು ಅವನೇ. ಹಿಂದಿನವನಿಗೆ ಫಲ ದೊರೆಯಿತು. ಅಪಾಯವು ಮುಂದಿನವನ ಪಾಲಾಯಿತು. ಗಾಳಿಗೆ ಒಡೆಯನಿಲ್ಲದಿರಬಹುದು, ಹುಡುಕಾಟಕ್ಕೆ ಒಡೆಯನುಂಟು.

ಎಲ್ಲರೂ ಹಿಂಬಾಲಕರೇ ಆದರೆ ಏನಾಗುವುದೆಂಬುದೂ ಇದೇ ಆಟದಲ್ಲಿ ಕಾಣುತ್ತದೆ. ಅನೇಕ ಸ್ಪರ್ಧೆಗಳಲ್ಲಿ ಹೊರಡುವ ಗಳಿಗೆಯನ್ನು ವೈಮಾನಿಕನೇ ಆರಿಸಿಕೊಳ್ಳಬಹುದು. ತಡವಾಗಿ ಹೊರಟವನಿಗೆ ಮುಂದೆ ಹೋದವರು ದಾರಿಗುರುತುಗಳಾಗುವರು. ಆದುದರಿಂದ ಒಬ್ಬನು ಇನ್ನೊಬ್ಬನು ಹೊರಡಲೆಂದು ಕಾಯುವನು. ಆ ಇನ್ನೊಬ್ಬನು ಮತ್ತೊಬ್ಬನಿಗಾಗಿ ಕಾಯುವನು. ಇತ್ತ ಹೊತ್ತು ಇಳಿಯುವುದು, ನೆಲವು ತಣಿಯುವುದು. ಕಾದು ಕಾದು ಹೊರಟವರು ಸಂಜೆಯ ಸತ್ತ ಗಾಳಿಯಲ್ಲಿ ಸಿಕ್ಕಿ ದಾರಿಯಲ್ಲಿಯೇ ಇಳಿಯುವುದುಂಟು. ಹಿಂಬಾಲಿಸುವಿಕೆಯು ಬದುಕಿರುವುದು ಹಿಂಬಾಲಿಸದವನೊಬ್ಬನ ಧೈರ್ಯದಿಂದ. ಎಲ್ಲರೂ ಆಚರಿಸಿದರೆ ತಾನೇ ನಾಶವಾಗುವ ನಡತೆಯನ್ನು ಧರ್ಮವೆನ್ನಲಾಗದು.

ಹಾಗಾದರೆ ಪರರು ಕಂಡ ಏರುಗಾಳಿಯನ್ನು ತೊರೆದು ಹೋಗಬೇಕೆ? ಅದು ಧರ್ಮವಲ್ಲ, ಒಣ ಅಭಿಮಾನ. ಪಡೆಯುವುದರಲ್ಲಿ ದೋಷವಿಲ್ಲ, ಪಡೆಯುತ್ತಲೇ ಇರುವುದರಲ್ಲಿ ದೋಷವಿದೆ. ನಮ್ಮ ಹಿರಿಯರು ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುವನೆಂದು ಹೇಳಿದರು. ಅವುಗಳಲ್ಲಿ ಋಷಿಋಣವು ಋಷಿಗೆ ಮರಳಿ ಕೊಟ್ಟು ತೀರುವುದಲ್ಲ. ತಾನು ಓದಿ ಮುಂದಿನವನಿಗೆ ಓದಿಸಿದರೆ ತೀರುವುದು. ಏರುಗಾಳಿಯ ಋಣವೂ ಈ ಜಾತಿಯದು. ಮುಂದಿನ ಆಸರೆಯನ್ನು ಒಮ್ಮೆಯಾದರೂ ತಾನೇ ಹುಡುಕಿ, ಇತರರ ಕಣ್ಣಿಗೆ ಗುರುತಾಗಿ ನಿಂತವನು ಋಣಮುಕ್ತನು.

ಹೀಗೆ ಕೊಡುವವನಿಗೆ ಗೆಲುವು ದೂರವೆಂಬ ಶಂಕೆ ಬೇಡ. ಅಮೆರಿಕದ ಪಾಲ್ ಮೆಕ್ರೆಡಿಯು ಒಂದು ಏರುಗಾಳಿಯಿಂದ ಇನ್ನೊಂದಕ್ಕೆ ಯಾವ ವೇಗದಲ್ಲಿ ಹಾರಿದರೆ ಹೊತ್ತು ಉಳಿಯುವುದೆಂದು ತೋರಿಸುವ ಬಳೆಯೊಂದನ್ನು ಏರಿಳಿತದ ವೇಗವನ್ನು ಅಳೆಯುವ ಮಾಪಕದ ಸುತ್ತ ಅಳವಡಿಸಿದನು. ಅದನ್ನು ಬಚ್ಚಿಡದೆ ಬರೆದು ಪ್ರಕಟಿಸಿದನು, ಎದುರಾಳಿಗಳೂ ಓದಿಕೊಂಡರು. 1956ರಲ್ಲಿ ಫ್ರಾನ್ಸಿನ ಸೇಂತ್ ಇಯಾಂನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಗೆದ್ದವನು ಅವನೇ. ಕೊಟ್ಟು ಗೆದ್ದವನ ಗೆಲುವಿನ ಮೇಲೆ ಯಾರ ಸಾಲವೂ ಇರುವುದಿಲ್ಲ.

ಮಾರಿಕಣಿವೆಯ ಕಟ್ಟೆಯೂ ಇದನ್ನೇ ಹೇಳುವಂತಿದೆ. ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯ ಕೆಲಸವು ಸಾಗಿದುದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಅವರು 1901ರಲ್ಲಿ ತೀರಿಕೊಂಡರು. ಕಟ್ಟೆಯು ಮುಗಿದುದು 1907ರಲ್ಲಿ. ಜಲಾಶಯವು ಮೊದಲ ಬಾರಿಗೆ ತುಂಬಿ ಕೋಡಿ ಹರಿದುದು 1933ರಲ್ಲಿ. ಎರಡನೆಯ ಬಾರಿಗೆ 2022ರಲ್ಲಿ. ತುಂಬಿದ ಕೆರೆಯನ್ನು ಕಾಣದವರ ದುಡಿಮೆಯಿಂದ ಹಿರಿಯೂರಿನ ಗದ್ದೆ ತೋಟಗಳಿಗೆ ನೀರು ಹರಿಯಿತು. ಆ ನೀರನ್ನು ಬಳಸಿದವರು ಕಳ್ಳರಲ್ಲ, ಆದರೆ ಋಣಿಗಳು. ಅವರು ಆ ಋಣವನ್ನು ತೀರಿಸಬೇಕಾದುದು ಕಟ್ಟಿದವರಿಗಲ್ಲ, ಇನ್ನೂ ಹುಟ್ಟದವರಿಗೆ.