ಸಂತಾನಾಪೇಕ್ಷೆಯೂ ಶರಣಮಾರ್ಗವೂ



ಸಂತಾನವನ್ನು ಬಯಸುವುದು ದೋಷವಲ್ಲ. ಶರಣಧರ್ಮವು ಸಂಸಾರವನ್ನು ತೊರೆದು ಕಾಡು ಸೇರೆಂದು ಹೇಳಿದ ಧರ್ಮವಲ್ಲ. ಗಂಡಹೆಂಡಿರು ಕೂಡಿ ಮಾಡುವ ಲಿಂಗಪೂಜೆಯನ್ನೂ ದಾಸೋಹವನ್ನೂ ಅದು ಎತ್ತಿ ಹಿಡಿದಿದೆ. ಆದುದರಿಂದ ಮದುವೆಯಾಗಿ ವರ್ಷಗಳು ಕಳೆದರೂ ತೊಟ್ಟಿಲು ಕಟ್ಟದ ಮನೆಯವರ ಅಳಲನ್ನು ಬರಿಯ ಮೋಹವೆಂದು ಹಳಿಯಲಾಗದು. ಆದರೆ ಆ ಅಳಲಿನಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. ಮಗುವು ಏಕೆ ಆಗಲಿಲ್ಲ ಎಂಬುದು ಒಂದು. ಮಗುವಿಲ್ಲದ ಬಾಳಿಗೆ ಬೆಲೆಯೇನು ಎಂಬುದು ಇನ್ನೊಂದು. ಮೊದಲನೆಯದು ವೈದ್ಯರನ್ನು ಕೇಳತಕ್ಕದ್ದು. ಎರಡನೆಯದು ಗುರುಸನ್ನಿಧಿಯಲ್ಲಿ, ಕರಸ್ಥಲದ ಇಷ್ಟಲಿಂಗದ ಮುಂದೆ ಕೇಳತಕ್ಕದ್ದು. ಇವೆರಡನ್ನೂ ಕಲಸಿದಲ್ಲಿಯೇ ಅನರ್ಥವು ಹುಟ್ಟುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಮಗುವಾಗಲಿಲ್ಲವೆಂದೊಡನೆ ದೋಷವೆಲ್ಲವೂ ಸೊಸೆಯ ತಲೆಯ ಮೇಲೆ. ಬಂಜೆಯೆಂಬ ಮಾತು ಮೊದಲು ಕಿವಿಯ ಹಿಂದೆ, ಅನಂತರ ಕಣ್ಣೆದುರಿಗೆ. ನಾಮಕರಣದ ಮನೆಯಲ್ಲಿ ಅವಳನ್ನು ತೊಟ್ಟಿಲ ಬಳಿ ಸುಳಿಯಗೊಡುವುದಿಲ್ಲ. ಹರಕೆ, ತಾಯಿತ, ನಾಗರಪ್ರತಿಷ್ಠೆ ಎಲ್ಲವೂ ಮುಗಿದ ಮೇಲೆ ಅವಳೊಬ್ಬಳನ್ನೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಪತಿರಾಯನು ಹೊರಗೇ ಉಳಿಯುತ್ತಾನೆ. ಕಲ್ಲಿನ ಹಾವಿಗೆ ಹಾಲೆರೆಯುವ ಜನರನ್ನು ಕಂಡು ಮರುಗಿ ನಕ್ಕ ಬಸವಣ್ಣನವರ ಅನುಯಾಯಿಗಳೆಂದು ಹೇಳಿಕೊಳ್ಳುವ ನಮಗೆ ಇದು ಒಪ್ಪುವುದೇ?

ವೈದ್ಯರ ಬಳಿಗೆ ಹೋಗುವುದು ಲಿಂಗನಿಷ್ಠೆಗೆ ಕೊರತೆಯೆಂದು ಕೆಲವರು ಭಾವಿಸುವರು. ಅದು ತಿಳಿವಳಿಕೆಯಲ್ಲ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನವರಿದ್ದರು; ರೋಗಚಿಕಿತ್ಸೆಯೇ ಅವರ ಕಾಯಕ. ಮಡಿವಾಳನ ಕಾಯಕ, ಅಂಬಿಗನ ಕಾಯಕಗಳಂತೆಯೇ ವೈದ್ಯನ ಕಾಯಕವೂ ಶಿವನಿಗೆ ಸಲ್ಲುತ್ತದೆ. ಶರೀರವನ್ನೇ ಶಿವಾಲಯವೆಂದು ಬಗೆದವರು ಆ ಆಲಯದ ಬಿರುಕನ್ನು ಬಲ್ಲವರಿಗೆ ತೋರಿಸಲು ನಾಚಬೇಕಾದುದಿಲ್ಲ.

ವೈದ್ಯಶಾಸ್ತ್ರವು ಹೇಳುವುದನ್ನು ಆಲಿಸಿರಿ. ದಂಪತಿಗಳು ಒಂದು ವರ್ಷ ಕಾಲ ತಡೆಯಿಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು. ಹೆಂಡತಿಗೆ 35 ವರ್ಷ ಮೀರಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಲಾಗದು. ಜಗತ್ತಿನಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಕಾಲದಲ್ಲಿ ಈ ತೊಂದರೆಯನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿದೆ. ಹೆಂಗಸಿನಲ್ಲಿ ಅಂಡವು ಸಕಾಲಕ್ಕೆ ಬಲಿಯದಿರುವುದು, ಅಂಡನಾಳಗಳು ಮುಚ್ಚಿರುವುದು, ಥೈರಾಯಿಡ್ ಗ್ರಂಥಿಯ ಏರುಪೇರು ಇವು ಕಾರಣಗಳಾಗಬಹುದು. ನಮ್ಮ ದೇಶದಲ್ಲಿ ಕ್ಷಯರೋಗವು ಗುಟ್ಟಾಗಿ ಗರ್ಭಕೋಶಕ್ಕೂ ಅಂಡನಾಳಕ್ಕೂ ತಗುಲುವುದುಂಟು. ಗಂಡಸಿನಲ್ಲಿ ವೀರ್ಯಾಣುಗಳ ಸಂಖ್ಯೆಯೋ ಚಲನೆಯೋ ಕುಂದಿರಬಹುದು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೇಹದ ಕಾರಣವೂ ಸೇರಿರುತ್ತದೆ. ಎಲ್ಲ ಪರೀಕ್ಷೆಗಳಿಗಿಂತ ಸುಲಭವಾದುದು ವೀರ್ಯಪರೀಕ್ಷೆ. ಅದಕ್ಕೆ ಶಸ್ತ್ರವೂ ಬೇಡ, ನೋವೂ ಇಲ್ಲ. ಅದನ್ನು ಮೊದಲೇ ಮಾಡಿಸದೆ ಹೆಂಡತಿಯನ್ನು ವರ್ಷಗಟ್ಟಲೆ ಸೂಜಿಗೂ ಕತ್ತರಿಗೂ ಒಡ್ಡುವುದು ಧರ್ಮವಲ್ಲ. ವೀರ್ಯಾಣುವು ಬಲಿಯಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಆದುದರಿಂದ ತಂಬಾಕು ಮದ್ಯಗಳನ್ನು ಬಿಟ್ಟವನು ಫಲಕ್ಕಾಗಿ ತುಸು ತಾಳಬೇಕು.

ದೇಹದ ಹೊರಗೆ ಅಂಡವನ್ನು ಫಲಗೊಳಿಸುವ ವಿದ್ಯೆಯೂ ಇಂದು ಉಂಟು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಅದರಿಂದ ಮೊದಲ ಶಿಶು ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಯತ್ನವು ಫಲಿಸಿ ಹೆಣ್ಣು ಶಿಶುವೊಂದು ಜನಿಸಿತು. ಈ ಚಿಕಿತ್ಸೆಯು ವೆಚ್ಚದ್ದು. ಪ್ರತಿ ಬಾರಿಯೂ ಫಲಿಸುವುದಿಲ್ಲ. ಹೆಂಗಸಿನ ವಯಸ್ಸು ಏರಿದಂತೆ ಫಲವು ಇಳಿಯುತ್ತದೆ. 2021ರ ಕಾನೂನಿನಂತೆ ಇಂಥ ಚಿಕಿತ್ಸಾಲಯಗಳು ನೋಂದಣಿಯಾಗಿರತಕ್ಕದ್ದು. ಖಂಡಿತವಾಗಿ ಮಗು ಕೊಡುವೆನೆಂದು ಸಾರುವವನು ತಾಯಿತ ಮಾರುವವನ ಅಣ್ಣನೇ ಸರಿ. ಹೊಲ ಮಾರುವ ಮುನ್ನ ಎರಡನೆಯ ವೈದ್ಯರನ್ನೂ ಕೇಳಿರಿ. ಎಲ್ಲ ಪರೀಕ್ಷೆಗಳಾದ ಮೇಲೂ ಕಾರಣ ತಿಳಿಯದಿರುವುದುಂಟು. ಅಂಥಲ್ಲಿ ತಿಳಿಯದೆಂದು ಹೇಳುವ ವೈದ್ಯರೇ ಪ್ರಾಮಾಣಿಕರು.

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳುವ ಅಧಿಕಾರವು ವೈದ್ಯರಿಗಿಲ್ಲ. ಅತ್ತೆಗೂ ನೆರೆಹೊರೆಗೂ ಮೊದಲೇ ಇಲ್ಲ. ಶರಣರು ಜನನ, ಮರಣ, ರಜಸ್ಸು, ಜಾತಿ, ಉಚ್ಛಿಷ್ಟವೆಂಬ ಪಂಚಸೂತಕಗಳನ್ನೂ ಅಲ್ಲಗಳೆದರು. ಹೆರಿಗೆಯಲ್ಲಿಯೂ ಮುಟ್ಟಿನಲ್ಲಿಯೂ ಮೈಲಿಗೆಯನ್ನು ಕಾಣದ ಧರ್ಮವು ಹೆರದಿರುವುದರಲ್ಲಿ ಅಮಂಗಳವನ್ನು ಕಂಡೀತೇ? ದೀಕ್ಷೆಯಲ್ಲಿ ಇಷ್ಟಲಿಂಗವನ್ನು ಅನುಗ್ರಹಿಸುವಾಗ ಗುರುವು ಹೆಣ್ಣಿನ ಒಡಲನ್ನು ನೋಡುವುದಿಲ್ಲ. ಅಂಗದ ಮೇಲೆ ಲಿಂಗವಿರುವವಳನ್ನು ಅಶುಭಳೆನ್ನುವುದು ಲಿಂಗವನ್ನೇ ನಿಂದಿಸಿದಂತೆ. ಯಾರನ್ನೂ ಹೆರದ ಮಹಾದೇವಿಯು ಲೋಕಕ್ಕೆಲ್ಲ ಅಕ್ಕನಾದಳು. ಮಗುವಿಲ್ಲವೆಂದು ಎರಡನೆಯ ಹೆಂಡತಿಯನ್ನು ತರುವ ಮಾತನ್ನು ಇಂದಿಗೂ ಆಡುವವರುಂಟು. 1955ರ ಹಿಂದೂ ವಿವಾಹ ಅಧಿನಿಯಮವು ವೀರಶೈವ ಲಿಂಗಾಯತರಿಗೂ ಅನ್ವಯಿಸುತ್ತದೆ. ಹೆಂಡತಿಯಿರುವಾಗ ಮತ್ತೊಂದು ಮದುವೆಯು ಅಪರಾಧ. ಕಾನೂನಿಲ್ಲದಿದ್ದರೂ ಅದು ಧರ್ಮದ್ರೋಹವೇ.

ಒಡಲಿನಿಂದ ಬಾರದ ಮಗುವು ಮಡಿಲಿಗೆ ಬರಬಹುದು. 1956ರ ದತ್ತಕ ಅಧಿನಿಯಮದಂತೆ ದತ್ತು ಬಂದ ಮಗುವು ಆ ದಿನದಿಂದ ದತ್ತು ಪಡೆದವರ ಮಗುವೇ. ಆದರೆ ಗಂಡಹೆಂಡಿರಿಬ್ಬರ ಮನಸ್ಸೂ ಒಪ್ಪಿರಬೇಕು. ಹಿರಿಯರ ಒತ್ತಾಯಕ್ಕೆ ಮಾಡುವ ಕಾರ್ಯವಲ್ಲ. ದತ್ತು ಬೇಡವೆಂದವರ ಬಾಳೂ ಬರಿದಲ್ಲ. ತುಮಕೂರಿನ ಸಿದ್ಧಗಂಗಾ ಕ್ಷೇತ್ರದ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು (1907–2019) ಸಂನ್ಯಾಸಿಗಳಾಗಿಯೇ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತು ತಂದೆಯಾದರು. ಒಂದು ಮಗುವಿನ ಓದಿಗೆ ನೆರವಾಗುವ ದಾಸೋಹವು ಯಾವ ಗೃಹಸ್ಥನಿಗೂ ಅಸಾಧ್ಯವಲ್ಲ.

ಆದುದರಿಂದ ಪತಿಯೇ, ಆಸ್ಪತ್ರೆಗೆ ಹೆಂಡತಿಯ ಜೊತೆಯಲ್ಲಿ ನಡೆ; ನಿನ್ನ ಪರೀಕ್ಷೆಯು ಮೊದಲಾಗಲಿ. ಅತ್ತೆಯಾದ ತಾಯಿಯೇ, ಮುಂದಿನ ನಾಮಕರಣದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಲು ಮೊದಲು ಆ ಸೊಸೆಯನ್ನೇ ಕರೆ. ಮಗುವು ಬಂದರೂ ಪ್ರಸಾದ, ಬಾರದಿದ್ದರೂ ಬಾಳು ಪ್ರಸಾದವೇ ಎಂಬ ಅರಿವು ನಮ್ಮೆಲ್ಲರಲ್ಲಿಯೂ ನೆಲೆಗೊಳ್ಳಲಿ.